ಫಿಲ್ಮಿನ ಮೂಲೆಯ ಅಕ್ಷರ

ಕಲಬುರಗಿಯ ಒಂದು ಸ್ಕ್ಯಾನ್ ಸೆಂಟರಿನಲ್ಲಿ ನಾನು ಎಕ್ಸ್‌ರೇ ಟೆಕ್ನಿಷಿಯನ್. ಊರಲ್ಲಿ ತೊಗರಿ ಬೇಳೆ ಮಿಲ್ಲು, ಶಹಾಬಾದಿನಲ್ಲಿ ಕಲ್ಲು ಗಣಿ, ವಾಡಿ, ಸೇಡಂ ಕಡೆ ಸಿಮೆಂಟು. ಕೆಲಸದಲ್ಲಿ ಪೆಟ್ಟು ತಿಂದವರು ಬರುತ್ತಲೇ ಇರುತ್ತಾರೆ. ಮೂಳೆ ಚೆನ್ನಾಗಿ ಕಂಡರೆ ನನ್ನ ಕೆಲಸ ಮುಗೀತು ಅಂತ ಮೊದಲು ಅಂದುಕೊಂಡಿದ್ದೆ.

ಒಬ್ಬ ಹಮಾಲಿ ಚೀಲದ ನಿಟ್ಟಿನ ಮೇಲಿಂದ ಜಾರಿ ಕಾಲೂರಿ ಬಿದ್ದಿದ್ದರು. ಚೀಟಿಯಲ್ಲಿ 'ಎಡ ಹಿಮ್ಮಡಿ' ಅಂತಿತ್ತು. ಪಕ್ಕದಿಂದ ಒಂದು, ಓರೆಯಾಗಿ ಒಂದು ತೆಗೆದೆ. ಮೂಳೆ ಚೂರಾಗಿತ್ತು. ಹೆಸರು ಹೇಳಿದ್ದು ಜೊತೆಗೆ ಬಂದ ಮುಕಾದಮ, ಅಂದರೆ ಹಮಾಲಿಗಳ ಮೇಸ್ತ್ರಿ. ವಯಸ್ಸು ಕೇಳಿದರೆ "ನಲವತ್ತು ಹಾಕ್ರಿ" ಅಂದ. ಹಾಕಿದೆ.

ಒಂದೂವರೆ ವರ್ಷದ ಮೇಲೆ ಅವರು ಕೋಲೂರಿಕೊಂಡು ಬಂದರು. "ಸರ್, ಫಿಲ್ಮ್ ಕರ್ರಗ ಆಗ್ಯಾದ್ರಿ." ತಗಡಿನ ಸೂರಿಗೆ ಸಿಕ್ಕಿಸಿ ಇಟ್ಟಿದ್ದರಂತೆ. ನಮ್ಮ ಮೇ ತಿಂಗಳು ಗೊತ್ತಲ್ವಾ? ಈಗಿನ ಥರ್ಮಲ್ ಫಿಲ್ಮ್ ಅಚ್ಚಾಗುವುದೇ ಬಿಸಿಯಿಂದ, ಹಾಳಾಗುವುದೂ ಬಿಸಿಯಿಂದ. ಪರಿಹಾರದ ಅರ್ಜಿಗೆ ಆಗ ಎರಡು ವರ್ಷದ ಗಡುವಿತ್ತು. ಆರೇ ತಿಂಗಳು ಉಳಿದಿತ್ತು.

ಪುಣ್ಯಕ್ಕೆ ನಮ್ಮ ಡಿಸ್ಕಿನಲ್ಲಿ ಚಿತ್ರ ಇತ್ತು. ತೆರೆದು ನೋಡಿದರೆ ಮೂಲೆಯಲ್ಲಿದ್ದದ್ದು ಮಿಲ್ಲಿನಲ್ಲಿ ಅವರನ್ನು ಕರೆಯುವ ಹೆಸರು. ಆಧಾರ್‌ನಲ್ಲಿ ಬೇರೆಯದೇ ಇದೆ. ವಯಸ್ಸು ಅಲ್ಲಿ 35.

ವಯಸ್ಸು ಸಣ್ಣ ವಿಷಯವಲ್ಲ. ಆಗಿನ ಲೆಕ್ಕ 1923ರ ನೌಕರರ ಪರಿಹಾರ ಕಾಯ್ದೆಯದು. ತಿಂಗಳ ಕೂಲಿಯ ಶೇ 60ನ್ನು ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸಬೇಕಿತ್ತು. 40ಕ್ಕೆ 184.17, 35ಕ್ಕೆ 197.06. ಎಷ್ಟೇ ದುಡಿದರೂ ಕೂಲಿ 15,000ದ ಮೇಲೆ ಹಿಡಿಯುತ್ತಿರಲಿಲ್ಲ. ಅಷ್ಟು ಕೂಲಿ, ಶೇ 20 ದುಡಿಮೆ ನಷ್ಟ ಅಂದುಕೊಳ್ಳಿ: 35ರವನಿಗೆ 3,54,708 ರೂಪಾಯಿ, 40ರವನಿಗೆ 3,31,506. ನಾನು ಸುಮ್ನೆ ಒತ್ತಿದ ಎರಡು ಅಂಕಿಯ ಬೆಲೆ 23,202 ರೂಪಾಯಿ.

"ಹೆಸರು ತಿದ್ದಿ ಕೊಡ್ರಿ" ಅಂತ ಕೈ ಮುಗಿದರು. ತಿದ್ದಲಿಲ್ಲ. ತಿದ್ದಿದ್ದು ಗೊತ್ತಾದರೆ ಇಡೀ ಕೇಸೇ ಸುಳ್ಳಾಗುತ್ತೆ. ಇದ್ದಂತೆಯೇ ಮತ್ತೆ ಪ್ರಿಂಟ್ ಹಾಕಿದೆ. ಅವತ್ತಿನ ರಿಜಿಸ್ಟರ್, ಬಿಲ್ಲು, ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ಕೇಸು) ನಂಬರ್ ಇದ್ದ ಡಾಕ್ಟರ ಚೀಟಿ ಹುಡುಕಿ ತೆಗೆದೆ. ಡಾಕ್ಟರು ಬರೆದುಕೊಟ್ಟ ಮೇಲೆ ಅದೇ ಹಿಮ್ಮಡಿಯ ಹೊಸ ಎಕ್ಸ್‌ರೇ ತೆಗೆದೆವು. ಹಳೇ ಚಿತ್ರದ ಚೂರುಗಳಿಗೂ ಹೊಸದರಲ್ಲಿ ಅವು ಕೂಡಿಕೊಂಡ ರೀತಿಗೂ ಹೊಂದುತ್ತಿತ್ತು. ಎದುರು ವಕೀಲರು "ಇದು ಇವನ ಫಿಲ್ಮೇ ಅಲ್ಲ" ಅಂದಾಗ ರಿಜಿಸ್ಟರ್ ಹಿಡಿದು ಕೋರ್ಟಿಗೆ ಹೋಗಿದ್ದೂ ನಾನೇ. ಹಿಮ್ಮಡಿಯ ಮಾತು ನಿಂತಿತು.

ನಿಲ್ಲದೇ ಹೋಗಿದ್ದು ನಡದ ಮಾತು. ಹೊಸ ಎಕ್ಸ್‌ರೇ ದಿನ ಮೇಜು ಹತ್ತುವಾಗ ನರಳಿದರು. "ನಡಾನೂ ಅವತ್ತಿಂದ ನೋಯ್ತಾದ್ರಿ." ಡಾಕ್ಟರಿಗೆ ಹೇಳಿ ಬೆನ್ನಿನ ಚಿತ್ರವೂ ತೆಗೆಸಿದೆ. ಸೊಂಟದ ಮೇಲಿನ ಒಂದು ಮಣಿ ಮುಂದುಗಡೆ ಚಪ್ಪಟೆಯಾಗಿತ್ತು. ಮೇಲಿಂದ ಬಿದ್ದು ಹಿಮ್ಮಡಿ ಮುರಿದವರಲ್ಲಿ ಬೆನ್ನುಮೂಳೆಗೂ ಪೆಟ್ಟಾಗಿರಬಹುದು, ಇದು ನಾವು ಓದಿದ ಪಾಠವೇ. ಆದರೆ ಯಾವಾಗ ಮುರಿದದ್ದು? ಬಿದ್ದ ಮೊದಲ ಕೆಲವು ವಾರಗಳಲ್ಲೇ ಎಂಆರ್‌ಐ ತೆಗೆಸಿದರೆ ಅದರ ಸ್ಟಿರ್ ಅನ್ನೋ ಬಗೆಯ ಚಿತ್ರದಲ್ಲಿ ಹೊಸ ಮುರಿತದ ಮಣಿ ಬೆಳ್ಳಗೆ ಕಾಣುತ್ತೆ, ಒಳಗಿನ ಬಾವು ಅದು. ಒಂದೂವರೆ ವರ್ಷಕ್ಕೆ ಆ ಬಿಳುಪು ಆರಿಹೋಗಿತ್ತು. "ವಯಸ್ಸಿನ ಸವಕಳಿ" ಅಂದರು ಎದುರಿನವರು. 35ಕ್ಕೆ! ನಮ್ಮ ಹತ್ತಿರ ತೋರಿಸಲು ಏನೂ ಇರಲಿಲ್ಲ. ಅವತ್ತು ಚೀಟಿಯಲ್ಲಿ ನಡ ಇರಲಿಲ್ಲ, ಸರಿ. ನಾನಾದರೂ ಕೇಳಬಹುದಿತ್ತು.

ಈಗ ಆಧಾರ್ ನೋಡದೆ ಹೆಸರು ಹಾಕುವುದಿಲ್ಲ. ಮುಕಾದಮರು ಗೊಣಗುತ್ತಾರೆ, ಗೊಣಗಲಿ. ಎಡ-ಬಲದ ಸೀಸದ ಗುರುತು ಪ್ಲೇಟಿನ ಮೇಲೇ ಇಡುತ್ತೇನೆ, ಆಮೇಲೆ ಕಂಪ್ಯೂಟರಿನಲ್ಲಿ ಅಂಟಿಸುವುದಿಲ್ಲ. ಬಿದ್ದು ಬಂದವರನ್ನು "ನಡ ನೋಯ್ತಾದೇನ್ರಿ?" ಅಂತ ಕೇಳಿ, ಹೌದೆಂದರೆ ಡಾಕ್ಟರಿಗೆ ಫೋನ್ ಮಾಡುತ್ತೇನೆ. ಫಿಲ್ಮಿನ ಜೊತೆ ಸಿಡಿ ಕೊಟ್ಟು ಮನೆಯವರಿಗೆ ಹೇಳುತ್ತೇನೆ: ಅಕ್ಕಾ, ತಗಡಿಗೆ ಸಿಕ್ಕಿಸಬ್ಯಾಡ್ರಿ, ಟ್ರಂಕಿನಾಗ ಸೀರಿ ನಡುವೆ ಇಡ್ರಿ.