ನುಂಗಲು ಕಷ್ಟಪಡುವ ಹಿರಿಯರಿಗೆ ಊಟ ಮಾಡಿಸುವ ಕ್ರಮ

ಊಟ ಮಾಡಿಸುವವರ ಕಣ್ಣು ಸಾಮಾನ್ಯವಾಗಿ ತಟ್ಟೆಯ ಮೇಲಿರುತ್ತದೆ, ಎಷ್ಟು ಖಾಲಿಯಾಯಿತು ಎಂದು. ನೋಡಬೇಕಾದ್ದು ಗಂಟಲನ್ನು. ಗಂಟಲಿನ ಮುಂದಿನ ಉಬ್ಬು ಮೇಲೇರಿ ಕೆಳಗಿಳಿದರೆ ಮಾತ್ರ ನುಂಗಿದಂತೆ. ಅಲ್ಲಿಯವರೆಗೆ ಮುಂದಿನ ಚಮಚ ಎತ್ತಬೇಡಿ.

ಮೊದಲು ಕೂರಿಸುವುದು. ಸೊಂಟ ಕುರ್ಚಿಯ ಹಿಂಬದಿಗೆ ತಾಗಿರಲಿ, ಬೆನ್ನು ನೇರವಾಗಿರಲಿ, ಪಾದ ನೆಲಕ್ಕೆ ಊರಿರಲಿ, ಗದ್ದ ತುಸು ಕೆಳಗಿರಲಿ. ಹಾಸಿಗೆ ಬಿಟ್ಟು ಏಳಲಾಗದವರಿಗೆ ತಲೆಯ ಕಡೆಯನ್ನು ಆದಷ್ಟು ನೇರಕ್ಕೆ ಎತ್ತಿ, ಬೆನ್ನಿಗೂ ಮಂಡಿಯ ಕೆಳಗೂ ದಿಂಬು ಕೊಡಿ. ಇಲ್ಲದಿದ್ದರೆ ನಾಲ್ಕು ತುತ್ತಿನಲ್ಲೇ ಕೆಳಗೆ ಜಾರಿರುತ್ತಾರೆ. ತೂಕಡಿಸುತ್ತಿದ್ದರೆ ಊಟ ಮುಂದೂಡಿ. ಕನ್ನಡಕ, ಶ್ರವಣಯಂತ್ರ, ಕಟ್ಟಿಸಿದ ಹಲ್ಲು ಹಾಕಿದ ಮೇಲೆಯೇ ಶುರುಮಾಡಿ. ಹಲ್ಲಿನ ಸೆಟ್ ಸಡಿಲವಾಗಿದ್ದರೆ ಅಗಿಯುವುದು ಅರ್ಧಕ್ಕೆ ನಿಲ್ಲುತ್ತದೆ, "ಊಟ ಸೇರುತ್ತಿಲ್ಲ" ಎಂಬ ದೂರಿಗೆ ಎಷ್ಟೋ ಸಲ ಇದೇ ಕಾರಣ.

ನೀವೂ ಕುಳಿತೇ ಉಣಿಸಿ, ಅವರ ಕಣ್ಣಿನ ಮಟ್ಟದಲ್ಲಿ. ನಿಂತು ಕೊಟ್ಟರೆ ಅವರು ತಲೆ ಮೇಲೆತ್ತುತ್ತಾರೆ, ಆಗ ಆಹಾರ ಶ್ವಾಸನಾಳದತ್ತ ಹೋಗುವುದು ಸುಲಭ. ಟೀ ಚಮಚದಲ್ಲಿ ಅರ್ಧ ಸಾಕು. ಚಮಚವನ್ನು ನಾಲಿಗೆಯ ಮೇಲೆ ಹಗುರಾಗಿ ಒತ್ತಿ, ತುಟಿ ಮುಚ್ಚಿದ ಮೇಲೆ ನೇರವಾಗಿ ಹೊರಗೆಳೆಯಿರಿ. ಮೇಲಿನ ಹಲ್ಲಿಗೆ ಕೆರೆಯಬೇಡಿ. ಪಾರ್ಶ್ವವಾಯುವಾಗಿದ್ದರೆ ಬಲವಿರುವ ಕಡೆಗೆ ತುತ್ತಿಡಿ, ನಡುನಡುವೆ ಇನ್ನೊಂದು ಕೆನ್ನೆಯಲ್ಲಿ ಉಳಿದಿದೆಯೇ ಎಂದು ನೋಡಿ. ಬಾಯಲ್ಲಿ ತುತ್ತಿರುವಾಗ ಪ್ರಶ್ನೆ ಕೇಳಬೇಡಿ. ಅರ್ಧ ಗಂಟೆ ದಾಟಿದರೆ ಬಹಳ ಮಂದಿ ದಣಿಯುತ್ತಾರೆ, ಉಳಿದದ್ದನ್ನು ಎರಡು ಗಂಟೆ ಬಿಟ್ಟು ಕೊಡುವುದೇ ಮೇಲು.

ಕಷ್ಟ ಹೆಚ್ಚು ಬರುವುದು ಗಟ್ಟಿ ಆಹಾರದಿಂದ ಎಂದುಕೊಳ್ಳುತ್ತೇವೆ. ಬರೀ ನೀರೇ ಹಲವರಿಗೆ ಅದಕ್ಕಿಂತ ಅಪಾಯ, ಗಂಟಲು ಸಜ್ಜಾಗುವ ಮೊದಲೇ ಅದು ಹರಿದುಬಿಡುತ್ತದೆ. ತೆಳ್ಳನೆ ಸಾರಿನಲ್ಲಿ ಗಟ್ಟಿ ಹೋಳುಗಳಿರುವ ಪದಾರ್ಥ ಇನ್ನೂ ಕಷ್ಟ. ಪುಡಿಪುಡಿಯಾಗಿ ಉದುರುವುದು, ಅಂಟಂಟಾಗಿರುವುದೂ ಬೇಡ. ಹಾಗೆಂದು ನೀವೇ ದ್ರವಗಳನ್ನು ಮಂದ ಮಾಡಲು ಹೊರಡಬೇಡಿ. ಎಷ್ಟು ಮಂದ ಬೇಕೆಂದು ನುಂಗುವಿಕೆಯನ್ನು ಪರೀಕ್ಷಿಸುವ ಸ್ಪೀಚ್ ಥೆರಪಿಸ್ಟ್ ಹೇಳಬೇಕು. ಅತಿಯಾಗಿ ಮಂದವಾದರೆ ಕುಡಿಯುವುದೇ ಕಡಿಮೆಯಾಗಿ ದೇಹ ಒಣಗುತ್ತದೆ.

ಕೆಮ್ಮು, ಕಣ್ಣಲ್ಲಿ ನೀರು, ನುಂಗಿದ ಮೇಲೆ ಗೊರಗೊರ ಎನ್ನುವ ದನಿ ಕಂಡರೆ ನಿಲ್ಲಿಸಿ. ಕೆಲವರಿಗೆ ಕೆಮ್ಮೇ ಬರದೆ ಆಹಾರ ಶ್ವಾಸಕೋಶಕ್ಕೆ ಇಳಿಯುತ್ತದೆ. ಮೇಲಿಂದ ಮೇಲೆ ಜ್ವರ, ಕಫ ಬಂದರೆ ಅದನ್ನೇ ಶಂಕಿಸಿ, ವೈದ್ಯರಿಗೆ ಹೇಳಿ. ಉಸಿರು ಕಟ್ಟಿ ಮಾತೇ ಹೊರಡದಿದ್ದರೆ ಸಹಾಯಕ್ಕೆ ಕರೆಯಿಸಿ, ಮುಂದಕ್ಕೆ ಬಾಗಿಸಿ ಭುಜದೆಲುಬುಗಳ ನಡುವೆ ಅಂಗೈಯ ಬುಡದಿಂದ 5 ಗುದ್ದು ಕೊಡಿ. ಹೋಗದಿದ್ದರೆ ಹಿಂದಿನಿಂದ ತಬ್ಬಿ ಹೊಕ್ಕುಳ ಮೇಲ್ಭಾಗವನ್ನು 5 ಸಲ ಒಳಕ್ಕೂ ಮೇಲಕ್ಕೂ ಒತ್ತಿ.

ಊಟದ ನಂತರ ಬಾಯಿ ಶುಚಿ ಮಾಡಿ, ಕನಿಷ್ಠ 30 ನಿಮಿಷ ಕೂತೇ ಇರಲಿ. ಬಾಯಿಯಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಎಂಜಲಿನೊಂದಿಗೆ ಜಾರಿ ನ್ಯುಮೋನಿಯಾ ತರುತ್ತದೆ, ಆದ್ದರಿಂದ ಹಲ್ಲಿಲ್ಲದವರ ಒಸಡು, ನಾಲಿಗೆಯನ್ನೂ ಬಿಡಬೇಡಿ.

ಇನ್ನು ಪ್ರಮಾಣ. ದೇಹತೂಕದ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್, ಸುಮಾರು 30 ಕಿಲೋಕ್ಯಾಲರಿ ಗುರಿ. ಮೂತ್ರಪಿಂಡದ ತೊಂದರೆಯಿದ್ದರೆ ವೈದ್ಯರ ಲೆಕ್ಕವೇ ಬೇರೆ. ಸ್ವಲ್ಪವೇ ತಿನ್ನುವವರ ತಟ್ಟೆಯನ್ನು ದೊಡ್ಡದು ಮಾಡುವುದಕ್ಕಿಂತ ತುತ್ತಿನ ಸತ್ವ ಹೆಚ್ಚಿಸಿ: ಕೆನೆ ತೆಗೆದ ಹಾಲಿನ ಪುಡಿ 15 ಗ್ರಾಂ ಬೆರೆಸಿದರೆ ಸುಮಾರು 5 ಗ್ರಾಂ ಪ್ರೋಟೀನ್, ಒಂದು ಟೀ ಚಮಚ ಎಣ್ಣೆ ಸೇರಿಸಿದರೆ 40ಕ್ಕೂ ಹೆಚ್ಚು ಕಿಲೋಕ್ಯಾಲರಿ ಕೂಡುತ್ತದೆ. ಆದರೆ 5 ದಿನಕ್ಕಿಂತ ಹೆಚ್ಚು ಬಹುತೇಕ ಏನೂ ತಿನ್ನದಿದ್ದವರಿಗೆ ಒಮ್ಮೆಲೇ ತುಂಬಿಸಬೇಡಿ. ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ಹೃದಯಕ್ಕೇ ತೊಂದರೆಯಾಗಬಹುದು. ವೈದ್ಯರ ನಿಗಾದಲ್ಲಿ ಅರ್ಧ ಪ್ರಮಾಣದಿಂದ ಆರಂಭಿಸಬೇಕು.

ತೂಕವನ್ನು ತಿಂಗಳಿಗೊಮ್ಮೆ ಬರೆದಿಡಿ. 60 ಕಿಲೋ ಇದ್ದವರು 6 ತಿಂಗಳಲ್ಲಿ 57ಕ್ಕೆ ಇಳಿದರೆ ಶೇ. 5 ಹೋಯಿತು ಎಂದರ್ಥ, ವೈದ್ಯರಿಗೆ ತೋರಿಸಿ. ಮಾತ್ರೆ ನುಂಗಲಾಗದಿದ್ದರೆ ಔಷಧದಂಗಡಿಯಲ್ಲಿ ಕೇಳದೆ ಪುಡಿ ಮಾಡಬೇಡಿ. ನಿಧಾನವಾಗಿ ಬಿಡುಗಡೆಯಾಗಬೇಕಾದ ಮದ್ದು ಪುಡಿಯಾದರೆ ಇಡೀ ದಿನದ ಡೋಸ್ ಒಟ್ಟಿಗೇ ರಕ್ತ ಸೇರುತ್ತದೆ.