ನನ್ನ ಕೆಲಸದ ಪಟ್ಟಿ ಎಲ್ರೂ ನೋಡೋ ಹಂಗೆ ಬರೆದಿಟ್ಟ ಮೇಲೆ

ನಾನು ದಾವಣಗೆರೆ ಮಂಡಿಪೇಟೆ ಹತ್ರ ಸಣ್ಣ ಆಫೀಸ್ ಇಟ್ಕೊಂಡು ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕಿಕೊಡ್ತೀನಿ. ಪಾರ್ಟಿಗಳ, ಅಂದ್ರೆ ನನ್ನ ಹತ್ರ ಲೆಕ್ಕ ಕೊಡೋ ಗಿರಾಕಿಗಳ ಕೆಲಸ ಎಂಥ ತಲೆನೋವಿದ್ರೂ ಮುಗಿಯುತ್ತೆ, ಯಾಕಂದ್ರೆ ಅದಕ್ಕೆ ತಾರೀಕು ಐತೆ, ತಿಂಗಳ ರಿಟರ್ನ್ ಹಾಕೋರಿಗೆ 11ಕ್ಕೆ ಮಾರಾಟದ ವಿವರ ಕೊಡೋ ಜಿಎಸ್‌ಟಿಆರ್-1, 20ಕ್ಕೆ ತಿಂಗಳ ತೆರಿಗೆ ಲೆಕ್ಕ ತೋರಿಸಿ ಕಟ್ಟೋ ಜಿಎಸ್‌ಟಿಆರ್-3ಬಿ, 3ಬಿ ತಡ ಆಯ್ತೋ ದಿನಕ್ಕೆ 50 ರೂಪಾಯಿ ಲೇಟ್ ಫೀ, ವ್ಯವಹಾರನೇ ಇಲ್ಲದ ನಿಲ್ ರಿಟರ್ನಿಗೂ 20. ನನ್ನ ಸ್ವಂತ ಕೆಲಸಕ್ಕೆ ಯಾರು ಫೀ ಹಾಕ್ತಾರೆ? ಹಳೇ ಫೈಲ್ ಸ್ಕ್ಯಾನ್ ಮಾಡೋದು, ಬೆಳಿಗ್ಗೆ ಕುಂದವಾಡ ಕೆರೆ ಕಡೆ ವಾಕಿಂಗ್, ಎಕ್ಸೆಲ್ ಸರಿಯಾಗಿ ಕಲಿಯೋದು, ಇವೆಲ್ಲ ಒಂದು ಡೈರಿಯಿಂದ ಇನ್ನೊಂದು ಡೈರಿಗೆ ವರ್ಗ ಆಗ್ತಾ ಇದ್ವು ಅಷ್ಟೇ.

ಅದಕ್ಕೇ ಒಂದು ಬಿಳಿ ಬೋರ್ಡ್ ತಂದು ಬಾಗಿಲ ಎದುರು ಗೋಡೆಗೆ ಹಾಕ್ದೆ, ಬಂದೋರ ಕಣ್ಣಿಗೆ ಮೊದಲು ಅದೇ ಬೀಳ್ಬೇಕು ಅಂತ. ಅದೇ ಪಟ್ಟಿ ಗೂಗಲ್ ಶೀಟ್‌ನಲ್ಲೂ ಐತೆ, ಲಿಂಕ್ ಇದ್ದೋರು ಓದಬಹುದು, ಕಾಮೆಂಟ್ ಹಾಕಬಹುದು, ತಿದ್ದೋಕೆ ಬರಲ್ಲ, ಶೇರ್ ಮಾಡೋವಾಗ್ಲೇ ಹಂಗೆ ಸೆಟ್ ಮಾಡ್ಬಹುದು. ವಾಟ್ಸಾಪ್ ಸ್ಟೇಟಸ್ ಯಾಕೆ ಬೇಡ ಅಂದ್ರೆ ಅದು 24 ಗಂಟೆಗೆ ಮಾಯ, ಅದರ ಜೊತೆ ಮಾಡದೇ ಇರೋ ಕೆಲಸನೂ ಮಾಯ, ನಮಗೆ ಬೇಕಾಗಿರೋದು ಅದಕ್ಕೆ ಉಲ್ಟಾ ಅಲ್ವಾ.

ಕಾಲಂ ಮೂರೇ. ಕೆಲಸ, ಬರೆದ ತಾರೀಕು, ಮುಗಿದ ತಾರೀಕು. ಮುಂದಕ್ಕೆ ಹಾಕಿದ್ರೂ ಬರೆದ ತಾರೀಕು ಮುಟ್ಟಂಗಿಲ್ಲ. ಕೆಲಸ ಕೈಬಿಟ್ರೆ ಅಳಿಸಂಗಿಲ್ಲ, ಮುಂದೆ "ಬಿಟ್ಟೆ" ಅಂತ ಬರೆದು ಯಾಕೆ ಅಂತ ನಾಲ್ಕು ಪದ ಹಾಕ್ಬೇಕು. ಕೇಳೋಕೆ ಸುಲಭ, ಆದ್ರೆ ಆ ನಾಲ್ಕು ಪದ ಬರೆಯೋಕೆ ಬೇಜಾರಾಗಿನೇ ಎಷ್ಟೋ ಸಲ ಎದ್ದು ಕೆಲಸ ಮುಗಿಸಿದ್ದೈತೆ.

ಜನ ಅನ್ಕೊಳ್ಳೋದು ನಾಲ್ಕು ಜನ ನೋಡ್ತಾರೆ ಅನ್ನೋ ನಾಚಿಕೆಗೆ ಕೆಲಸ ಆಗುತ್ತೆ ಅಂತ. ನನಗಂತೂ ಹಂಗೆ ಅನ್ಸಿಲ್ಲ, ನಾಚಿಕೆ ಒಂದು ವಾರಕ್ಕೆ ಸವೆದು ಹೋಗುತ್ತೆ. ನಿಜವಾದ ಲಾಭ ಏನಂದ್ರೆ ಬೇರೆಯೋರು ಓದ್ತಾರೆ ಅಂದಾಗ ನಾವು ಬರೆಯೋದೇ ಬದಲಾಗುತ್ತೆ. ಡೈರಿಲಿ "ಫೈಲ್" ಅಂತ ಒಂದೇ ಪದ ಬರೀತಿದ್ದೆ, ಬೋರ್ಡ್ ಮೇಲೆ ಅದು "2018-19ರ ಫೈಲ್, ಕಬೋರ್ಡಿನ ಮೇಲಿನ ಅರೆ, ಅರ್ಧ ಸ್ಕ್ಯಾನ್" ಆಯ್ತು, ಇಲ್ಲಾಂದ್ರೆ ಓದಿದೋರು ಏನ್ ಫೈಲು ಎಷ್ಟು ಫೈಲು ಅಂತ ಕೇಳ್ತಾರೆ. ಚಿತ್ರದುರ್ಗದಲ್ಲಿರೋ ನನ್ನ ತಂಗಿ ಕೆಪಿಎಸ್‌ಸಿಗೆ ಓದ್ತಾ ಇದಾಳೆ, ಅವಳೂ ಅದೇ ಶೀಟ್‌ನಲ್ಲಿ ತನ್ನದೊಂದು ಹಾಳೆ ತೆಗೆಸ್ಕೊಂಡಳು, ಅದನ್ನ ತಿದ್ದೋಕೆ ಅವಳಿಗೆ ಬಿಟ್ಟಿದೀನಿ. ಮೊದಲ ಲೈನು "ಇತಿಹಾಸ ಓದೋದು". ನಾನು ಕಾಮೆಂಟ್ ಹಾಕ್ದೆ, ಯಾವ ಇತಿಹಾಸನಮ್ಮಾ, ಹರಪ್ಪದಿಂದ ಹಿಡಿದಾ? ಸಿಟ್ಟು ಬಂತು ಅವಳಿಗೆ, ಆದ್ರೂ ಸಂಜೆಗೆ ನೋಡಿದ್ರೆ "ದುರ್ಗದ ಪಾಳೆಯಗಾರರು, ಮತ್ತಿ ತಿಮ್ಮಣ್ಣ ನಾಯಕನಿಂದ 1779ರಲ್ಲಿ ಹೈದರಾಲಿ ಕೋಟೆ ಹಿಡಿಯೋ ತನಕ, ನೋಟ್ಸ್ ಎರಡು ಪುಟ" ಅಂತ ತಿದ್ದಿದ್ಳು. ಹಿಂಗಿದ್ರೆ ಮುಗೀತೋ ಇಲ್ವೋ ಅಂತ ವಾದನೇ ಇಲ್ಲ.

ದೊಡ್ಡ ಗುರಿ ಮಾತ್ರ ಬರೆಯಲ್ಲ. ಪೀಟರ್ ಗೋಲ್‌ವಿಟ್ಸರ್ ಅನ್ನೋ ಮನಃಶಾಸ್ತ್ರಜ್ಞ ಮತ್ತು ಜೊತೆಯೋರು 2009ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕಂಡಿದ್ದು ಇದು: ನಾನು ಇಂಥೋನಾಗ್ತೀನಿ ಅನ್ನೋ ಉದ್ದೇಶನ ಬೇರೆಯೋರು ಗಮನಿಸಿಬಿಟ್ರೆ ಆಮೇಲೆ ಶ್ರಮ ಹಾಕೋದು ಕಡಿಮೆ ಆಗುತ್ತೆ, ಅರ್ಧ ಆಗೇಬಿಟ್ಟೆ ಅನ್ನೋ ಭಾವನೆ ಬರುತ್ತಂತೆ. ನಂಬೋ ಮಾತೇ. "ಹತ್ತು ಕೆಜಿ ಇಳಿಸ್ತೀನಿ" ಅಂತ ಬರೆದ್ರೆ ಬಂದೋರೆಲ್ಲ ಭೇಷ್ ಅಂತಾರೆ, ನಾವು ಆ ಖುಷಿಗೆ ಎದುರಿನ ಹೋಟೆಲಿಗೆ ಹೋಗಿ ಬೆಣ್ಣೆ ದೋಸೆ ತಿಂದು ಬರ್ತೀವಿ. "ಗುರುವಾರ ಬೆಳಿಗ್ಗೆ ಆರಕ್ಕೆ ಕೆರೆ ಹತ್ರ" ಅಂತ ಬರೆದ್ರೆ ಯಾರೂ ಹೊಗಳಲ್ಲ, ಶುಕ್ರವಾರ ಬಂದು ಹೋಗಿದ್ರಾ ಅಂತ ಕೇಳ್ತಾರೆ.

ಹಂಗೆ ಕೇಳೋರು ಇಲ್ಲದಿದ್ರೆ ಬೋರ್ಡ್ ಬರೀ ಅಲಂಕಾರ. ನನ್ನ ಪಾರ್ಟಿ ಒಬ್ರು ಮಂಡಕ್ಕಿ ಭಟ್ಟಿ ಕಾಕಾ ಇದಾರೆ, ಬಿಲ್ ಕೊಡೋಕೆ ಬಂದಾಗೆಲ್ಲ ಕನ್ನಡಕ ಏರಿಸಿ ಓದಿ "ಏನಪಾ, ಮೂರನೇ ಲೈನ್ ಇನ್ನೂ ಅಲ್ಲೇ ಕುಂತೈತಲ್ಲ" ಅಂತಾರೆ, ಬೈಯಲ್ಲ, ಬುದ್ಧಿ ಹೇಳಲ್ಲ, ಅಷ್ಟೇ ಅಂದು ಚಾ ಕುಡಿದು ಹೋಗ್ತಾರೆ. ಶೀಟ್ ಲಿಂಕ್ ಕೊಟ್ಟಿರೋದೂ ಅಂಥ ಕೆಲವರಿಗೇ. ಫ್ಯಾಮಿಲಿ ಗ್ರೂಪಿಗೆ ಹಾಕಿದ್ರೆ ಹೆಬ್ಬೆರಳು ಬರ್ತಾವೆ, ಪ್ರಶ್ನೆ ಬರಲ್ಲ.

ಪಾರ್ಟಿಗಳ ಹೆಸರು, ಮನೆಯೋರ ಆಸ್ಪತ್ರೆ ವಿಷಯ, ದುಡ್ಡಿನ ಲೆಕ್ಕ ಇವು ಬೋರ್ಡಿಗೆ ಬರಲ್ಲ, ಅವು ಹಳೇ ಡೈರಿಲೇ ಇರ್ತಾವೆ. ಮತ್ತೆ 11ರಿಂದ 20ರ ತನಕ ಹೊಸ ಲೈನ್ ಹಾಕೋದೇ ಇಲ್ಲ, ಮೇಲುಗಡೆ "3ಬಿ ನಡೀತಾ ಐತೆ" ಅಂತ ದೊಡ್ಡದಾಗಿ ಬರೆದಿರ್ತೀನಿ, ಆ ದಿನಗಳಲ್ಲಿ ಕಾಕಾನೂ ಬೋರ್ಡ್ ಕಡೆ ನೋಡಲ್ಲ, ತಮ್ಮ ರಿಟರ್ನ್ ಹಾಕಿದ್ನಾ ಅಂತಷ್ಟೇ ಕೇಳ್ತಾರೆ.