ಹಂದಿಗೂಡಿಗೆ ನೆಲ ಹಾಕುವಾಗಲೇ ಗೊರಸಿನ ಬಗ್ಗೆ ಯೋಚಿಸಿ

ಮಳೆ ಹಿಡಿದ ಮೇಲೆ ಹಂದಿಗಳು ಕಾಲೆಳೆಯತೊಡಗಿದರೆ ಮೊದಲು ಗೂಡಿನ ನೆಲ ನೋಡಿ. ದಿನವಿಡೀ ಮಲಮೂತ್ರದಲ್ಲಿ ನೆನೆದ ಗೊರಸು ಮೆತ್ತಗಾಗುತ್ತದೆ. ಒರಟು ಕಾಂಕ್ರೀಟಿನ ಮೇಲೆ ಅದು ಬೇಗ ಸವೆದು ಬಿರುಕು ಬಿಡುತ್ತದೆ, ಬಿರುಕಿನೊಳಗೆ ಕೀವು ಕಟ್ಟುತ್ತದೆ. ಹಿಂಗಾಲಿನ ಹೊರಗೊರಸು ದೊಡ್ಡದು, ಭಾರವೂ ಅದರ ಮೇಲೆಯೇ ಹೆಚ್ಚು. ಗಾಯ ಹುಡುಕುವುದನ್ನು ಅಲ್ಲಿಂದಲೇ ಶುರುಮಾಡಿ.

ತಳ, ಇಳಿಜಾರು

ಕರಾವಳಿಯಲ್ಲಿ ನೆಲದ ಕೆಲಸ ಏಪ್ರಿಲ್ ಒಳಗೆ ಮುಗಿದರೆ ಕ್ಷೇಮ. ಮಣ್ಣನ್ನು ದಮ್ಮಸ್ಸು ಮಾಡಿ, ಮೇಲೆ ಮುರಕಲ್ಲಿನ ಚೂರು 6 ಇಂಚು ಹರಡಿ ಮತ್ತೆ ದಮ್ಮಸ್ಸು ಮಾಡಿ. ಅದರ ಮೇಲೆ 4 ಇಂಚು ಕಾಂಕ್ರೀಟ್: ಸಿಮೆಂಟ್ 1 ಪಾಲು, ಎಂ ಸ್ಯಾಂಡ್ ಒಂದೂವರೆ, 20 ಎಂಎಂ ಜಲ್ಲಿ 3. ಚರಂಡಿಯ ಕಡೆಗೆ 10 ಅಡಿಗೆ 3 ಇಂಚು ಇಳಿಜಾರು ಕೊಡಿ. ಕಡಿಮೆಯಾದರೆ ನೀರು ನಿಲ್ಲುತ್ತದೆ. 6 ಇಂಚಾದರೆ ಒದ್ದೆ ನೆಲದಲ್ಲಿ ಗಬ್ಬದ ಹಂದಿ ಜಾರಿ ಬೀಳುತ್ತದೆ. ಕುಡಿಯುವ ನೀರಿನ ನಿಪ್ಪಲ್ ಇಳಿಜಾರಿನ ಕೆಳತುದಿಯಲ್ಲೇ ಇರಲಿ. ಮೇಲ್ತುದಿಗೆ ಹಾಕಿದರೆ ಸೋರಿದ ನೀರು ಹಂದಿ ಮಲಗುವ ಜಾಗ ದಾಟಿಕೊಂಡೇ ಹರಿಯಬೇಕು.

ಮೇಲ್ಮೈ

ಹೆಚ್ಚಿನವರು ಎಡವುವುದು ಇಲ್ಲಿ. ಮನೆಯ ಜಗಲಿಗೆ ಮಾಡಿದಂತೆ ಸಿಮೆಂಟ್ ಹಾಲು ಸುರಿದು ನುಣ್ಣಗೆ ತಿಕ್ಕುವುದು ಮೇಸ್ತ್ರಿಗಳಿಗೆ ಅಭ್ಯಾಸ. ಹೇಳದಿದ್ದರೆ ಗೂಡಿಗೂ ಅದನ್ನೇ ಮಾಡುತ್ತಾರೆ. ಮುಂದೆ ನಿಂತು ಬೇಡವೆನ್ನಿ. ಉಳಿದ ಟೈಲ್ಸ್ ಇದೆಯೆಂದು ಅಂಟಿಸುವುದಂತೂ ಕಾಲು ಮುರಿಯುವ ಕೆಲಸ. ಮರದ ಮಣೆಯಿಂದ ಸಮ ಮಾಡಿ, ಮೇಲಿನ ನೀರು ಹೀರಿದ ಮೇಲೆ ಹಿಡಿಸೂಡಿಯನ್ನು ಒಮ್ಮೆ ಹಗುರಾಗಿ ಎಳೆದರೆ ಸಾಕು. ಒತ್ತಿ ಎಳೆದರೆ ಅರದಂತಹ ಗೀರು ಏಳುತ್ತದೆ. ಒಣಗಿದ ನೆಲದ ಮೇಲೆ ಬರಿ ಮೊಣಕಾಲೂರಿ ಎರಡು ಹೆಜ್ಜೆ ಸರಿದು ನೋಡಿ. ನಿಮ್ಮ ಚರ್ಮ ತರಚಿದರೆ ಮರಿಗಳ ಮೊಣಕಾಲು ಉಳಿಯುವುದಿಲ್ಲ. ಮೊಲೆಗಾಗಿ ನೂಕಾಡುವಾಗ ಅವು ಉಜ್ಜುವುದೇ ಮೊಣಕಾಲನ್ನು. ಇಟ್ಟಿಗೆಯ ತುಂಡಿನಿಂದ ಉಜ್ಜಿ ಒರಟು ತೆಗೆಯಿರಿ.

14 ದಿನ ನೀರುಣಿಸಿ, 28 ದಿನ ಕಳೆದ ಮೇಲೆ ಹಂದಿ ಬಿಡಿ. ಹೊಸ ಸಿಮೆಂಟಿನ ಕ್ಷಾರ ಪಾದದ ಚರ್ಮ ಸುಡುತ್ತದೆ, ಆದ್ದರಿಂದ ಅದಕ್ಕೆ ಮೊದಲು ನಾಲ್ಕಾರು ಸಲ ತೊಳೆಯಬೇಕು. ಸುಣ್ಣ ಬಳಿದರೂ ಪೂರ್ತಿ ಒಣಗುವ ತನಕ ಕಾಯಿರಿ.

ಬಾನಿಯ ಬುಡ

ಮಂಗಳೂರು, ಉಡುಪಿಯ ಹೋಟೆಲುಗಳ ಉಳಿಕೆ ಆಹಾರ ತರುವವರ ಗೂಡಿನಲ್ಲಿ ನೆಲ ಮೊದಲು ಹಾಳಾಗುವುದು ಬಾನಿಯ ಸುತ್ತ. (ಕುದಿಸದೆ ಕೊಡಲೇಬಾರದು, ಅದು ಬೇರೆಯೇ ವಿಷಯ.) ಚೆಲ್ಲಿದ ಅನ್ನ ಹುಳಿಯಾಗುತ್ತದೆ, ಆ ಹುಳಿ ಸಿಮೆಂಟನ್ನು ತಿನ್ನುತ್ತದೆ, ಜಲ್ಲಿಯ ಮೊನೆ ಹೊರಗೆ ಬರುತ್ತದೆ. ದಿನಕ್ಕೆ ಹಲವು ಸಲ ಹಂದಿ ಒತ್ತರಿಸಿ ನಿಲ್ಲುವ ಜಾಗವೂ ಅದೇ. ತಿಂದು ಮುಗಿದ ಕೂಡಲೇ ಬಾನಿಯ ಬುಡ ತೊಳೆಯಿರಿ. ವರ್ಷಕ್ಕೊಮ್ಮೆ ಸವೆದ ಭಾಗ ಕೆತ್ತಿ ಹೊಸ ಕಾಂಕ್ರೀಟ್ ತುಂಬಿ. ತೆಳ್ಳಗೆ ಗಾರೆ ಮೆತ್ತಿದರೆ ಚಕ್ಕೆಯಾಗಿ ಏಳುತ್ತದೆ.

ಕಾಂಕ್ರೀಟಿನ ಸಂದಿನೆಲ (ಮಲಮೂತ್ರ ಕೆಳಗೆ ಬೀಳಲು ನಡುನಡುವೆ ಸಂದು ಬಿಟ್ಟ ಪಟ್ಟಿಗಳ ನೆಲ) ಹಾಕಿಸುವುದಾದರೆ ಸಂದು ಎಳೆಮರಿಗೆ 11 ಎಂಎಂ, ಮೊಲೆ ಬಿಟ್ಟ ಮರಿಗೆ 14, ಬೆಳೆಯುವ ಹಂದಿಗೆ 18, ತಾಯಿ ಹಂದಿಗೆ 20 ಮೀರಬಾರದು. ಮೀರಿದರೆ ಗೊರಸು ಸಿಕ್ಕಿ ಕಿತ್ತುಬರುತ್ತದೆ.

ಮಳೆಗಾಲ

ಮಾಡನ್ನು ಗೋಡೆಯಿಂದ 3 ಅಡಿ ಹೊರಗೆ ಚಾಚಿ. ಪಡುವಣದ ಎರಚಲಿಗೆ ಅರೆಗೋಡೆಯ ಮೇಲೆ ಟರ್ಪಾಲು ಬೇಕು, ಆದರೆ ಗಾಳಿಯಾಡಲು ಮೇಲೆ ಸ್ವಲ್ಪ ತೆರವು ಬಿಡಿ. ಮೊದಲು ಮಲ ಕೆರೆದು ತೆಗೆದು ಆಮೇಲೆ ನೆಲ ತೊಳೆದರೆ ನೀರೂ ಕಡಿಮೆ ಸಾಕು. ತೊಳೆಯುವುದು ಬೆಳಿಗ್ಗೆಯೇ ಆಗಲಿ. ಸಂಜೆ ತೊಳೆದ ನೆಲ ರಾತ್ರಿ ಒಣಗುವುದಿಲ್ಲ. ಬೈಹುಲ್ಲು ಹಾಸುವಾಗ ಬೂಸ್ಟು ಹಿಡಿದದ್ದನ್ನು ಎಸೆಯಿರಿ, ಹಂದಿ ಅದನ್ನೂ ತಿನ್ನುತ್ತದೆ. ಕೊಬ್ಬಿಸುವ ಹಂದಿಯೊಂದಕ್ಕೆ 5 ತಿಂಗಳು ದಾಟಿದ ಮೇಲೆ 14ರಿಂದ 19 ಚದರ ಅಡಿ ಜಾಗ ಬೇಕು. ಇಕ್ಕಟ್ಟಾದರೆ ಎಷ್ಟು ತೊಳೆದರೂ ನೆಲ ಒಣಗದು.

ಕಾಲು ಅದ್ದುವ ನೀರು

ಅಡಿಕೆ ತೋಟದವರ ಮನೆಯಲ್ಲಿ ಮೈಲುತುತ್ತು (ಕಾಪರ್ ಸಲ್ಫೇಟ್) ಇದ್ದೇ ಇರುತ್ತದೆ. 10 ಲೀಟರ್ ನೀರಿಗೆ 500 ಗ್ರಾಂ ಕರಗಿಸಿ. ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಹಾಕುವಂತೆ ಸುಣ್ಣ ಸೇರಿಸಬೇಡಿ, ಇಲ್ಲಿ ಅದರಿಂದ ಮದ್ದಿನ ಬಲ ಕುಂದುತ್ತದೆ. ಕಬ್ಬಿಣದ ಪಾತ್ರೆಯೂ ಬೇಡ. ಗೊರಸಿನ ಕೆಸರು ತೊಳೆದು ವಾರಕ್ಕೊಮ್ಮೆ ಇದರಲ್ಲಿ ನಡೆಸಿ, ಕುಡಿಯಲು ಬಿಡಬೇಡಿ. ಒಟ್ಟೊಟ್ಟಿಗೆ ಹಲವು ಹಂದಿ ಕುಂಟಿ, ಮೂತಿಯಲ್ಲೂ ಗೊರಸಿನ ಅಂಚಿನಲ್ಲೂ ಗುಳ್ಳೆ ಕಂಡರೆ ಅದು ನೆಲದ ತೊಂದರೆಯಲ್ಲ, ಕಾಲುಬಾಯಿ ಜ್ವರ ಇರಬಹುದು. ಕೂಡಲೇ ಪಶುವೈದ್ಯರನ್ನು ಕರೆಯಿರಿ. ಬಳಸಿದ ಮೈಲುತುತ್ತಿನ ನೀರನ್ನು ತೋಡಿಗೋ ಕೆರೆಗೋ ಚೆಲ್ಲಬೇಡಿ, ಮೀನು ಸಾಯುತ್ತದೆ.